ಷಡ್ಡಕನನ್ನು ‘ಇತರೆ’ಗೆ ಹಾಕಿದ್ದು

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ನೆಮ್ಮದಿಯಾಗಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವರಿಗೆ ಷಡ್ಡಕರು ಇಲ್ಲದಿರಬಹುದು. ಇದ್ದರೂ ಬೇರೆ ದಿನ, ಬೇರೆ ಚಪ್ಪರದಲ್ಲಿ ಮದುವೆಯಾದವರಿರಬಹುದು. ನಾನು ಅಷ್ಟು ಪುಣ್ಯ ಮಾಡಿರಲಿಲ್ಲ. ನಮ್ಮ ಮಾವನವರು ಒಂದೇ ಓಡಾಟದಲ್ಲಿ ಮುಗಿಯಲಿ ಎಂದು ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನೂ ಹೊಸಬಾಳೆಯ ತಮ್ಮ ಮನೆಯ ಮುಂದೆ ಒಂದೇ ಮುಹೂರ್ತಕ್ಕೆ ಮಾಡಿಬಿಟ್ಟರು. ದೊಡ್ಡವಳು ಗಿರಿಜಾ ಶಿಕಾರಿಪುರದ ನನಗೆ, ಚಿಕ್ಕವಳು ಸುಮಾ ಸೊರಬದ ವೀರೇಶನಿಗೆ. ಅಡುಗೆಯ ತಂಡ ಒಂದೇ, ವಾಲಗ ಒಂದೇ, ವಿಡಿಯೋದವನೂ ಒಬ್ಬನೇ. ಆ ವಿಡಿಯೋದವನು ವೀರೇಶನ ಸ್ನೇಹಿತನಾಗಿದ್ದ.

ಅದರ ಫಲ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸೆಟ್ಟಿನ ತುಂಬ ವೀರೇಶ. ವೀರೇಶ ಪೇಟ ಸರಿ ಮಾಡಿಕೊಳ್ಳುವುದು, ವೀರೇಶ ನಗುವುದು, ವೀರೇಶ ಸೆಖೆಗೆ ಬೀಸಣಿಗೆ ಕೇಳುವುದು. ನನ್ನ ಪಾಲಿಗೆ ಬಂದದ್ದು ಒಂದು ಭುಜ, ಮತ್ತು ಅವನ ಹಿಂದಿನಿಂದ ಇಣುಕುವ ಅರ್ಧ ಮುಖ. ನಾನು ತಾಳಿ ಕಟ್ಟುವಾಗ ಕ್ಯಾಮೆರಾ ನನ್ನ ಕೈಯವರೆಗೆ ಬಂದು, ಬೇಸರವಾದಂತೆ ಆ ಕಡೆ ತಿರುಗಿಬಿಡುತ್ತದೆ. ಹಬ್ಬಕ್ಕೆಂದು ಹೊಸಬಾಳೆಗೆ ಹೋದಾಗಲೆಲ್ಲ ಅತ್ತೆಯವರು ಅದನ್ನು ಹಾಕಿಸಿ, ವೀರೇಶ ನಕ್ಕಲ್ಲೆಲ್ಲ ತಾವೂ ನಗುತ್ತಿದ್ದರು. ದೊಡ್ಡಳಿಯ ನಾನು, ಪಕ್ಕದ ಕುರ್ಚಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಇನ್ನೂ ಸಂಕಟದ ಸಂಗತಿಯೆಂದರೆ ವೀರೇಶ ಒಳ್ಳೆಯ ಮನುಷ್ಯ. ಅತ್ತೆಯ ಮನೆಯ ಮೋಟಾರು ಕೆಟ್ಟರೆ ಓಡಿ ಬರುತ್ತಾನೆ, ನನ್ನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಾನೆ. ಸ್ವಲ್ಪ ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಯುರಿಗೂ ಒಂದು ಮರ್ಯಾದೆ ಇರುತ್ತಿತ್ತು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿದಾಗ, ಅದನ್ನು ಡಿವಿಡಿ ಮಾಡಿಸುವ ಜವಾಬ್ದಾರಿಯನ್ನು ಯಾರೂ ಹೇಳದೆ ನಾನೇ ಹೊತ್ತುಕೊಂಡೆ. ನಮ್ಮೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಅನ್ವರ್ ಭಾಯಿ ನನಗೆ ಪರಿಚಯ. ಅವರು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಚಾಪ್ಟರ್ ಹಾಕಬಹುದು ಎಂದರು. ಬೇಕಾದಂತೆ ಕತ್ತರಿಸಿ ಜೋಡಿಸಿ, ಗುರುತು ಇಟ್ಟು ಹೆಸರು ಕೊಟ್ಟರೆ, ಟಿವಿಯಲ್ಲಿ ಮೊದಲು ಪುಟ್ಟ ಪುಟ್ಟ ಚಿತ್ರಗಳ ಪಟ್ಟಿ ಬರುತ್ತದೆ. ರಿಮೋಟಿನಲ್ಲಿ ಒತ್ತಿದರೆ ನೇರ ಆ ಜಾಗಕ್ಕೆ ಹೋಗುತ್ತದೆ. ನನಗೆ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿಯಿದೆ. ಜಮೀನು ಪಾಲಾಗಿ ಹಿಸ್ಸಾ ಆದ ಮೇಲೆ ಅಣ್ಣತಮ್ಮಂದಿರ ಮುಖ ಹೇಗಾಗುತ್ತದೆಂದು ದಿನವೂ ನೋಡುವವನು ನಾನು. ಈ ಮದುವೆಗೂ ಹಿಸ್ಸಾ ಮಾಡಬಹುದು, ಅಳೆಯುವ ಸರಪಳಿ ನನ್ನ ಕೈಯಲ್ಲೇ ಇದೆ ಎಂದು ತಿಳಿದಾಗ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ನಾನು ಕಾಣಿಸಿಕೊಂಡಲ್ಲೆಲ್ಲ ಗುರುತು ಹಾಕಿಸಿದೆ. ‘ವರನ ಆಗಮನ’, ಅದಕ್ಕೆ ನನ್ನ ಭುಜ. ‘ಮಾಂಗಲ್ಯ ಧಾರಣೆ’, ಕ್ಯಾಮೆರಾ ತಿರುಗುವ ಮುಂಚಿನ ನನ್ನ ಕೈ. ‘ಹಿರಿಯರ ಆಶೀರ್ವಾದ’, ನನ್ನ ಬಗ್ಗಿದ ಬೆನ್ನು. ಅನ್ವರ್ ಭಾಯಿ, ಎಲ್ಲದಕ್ಕೂ ನಿಮ್ಮ ಫೋಟೋನೇ ಬಂತಲ್ಲ ಸಾರ್ ಎಂದರು. ಕಾಕತಾಳೀಯ ಎಂದೆ. ಉಳಿದದ್ದನ್ನೆಲ್ಲ, ಅಂದರೆ ವೀರೇಶನನ್ನು ಇಡಿಯಾಗಿ, ಕಟ್ಟಕಡೆಗೆ ಒಂದೇ ಚಾಪ್ಟರಿನಲ್ಲಿ ಸೇರಿಸಿ ‘ಇತರೆ’ ಎಂದು ಹೆಸರಿಡಿಸಿದೆ. ಸರ್ಕಾರಿ ಅರ್ಜಿಗಳಲ್ಲಿ ಯಾರಿಗೂ ಬೇಡವಾದವರು ಹೋಗಿ ಸೇರುವ ಕಾಲಂ ಅದು.

ಉದ್ಘಾಟನೆ ಹೊಸಬಾಳೆಯಲ್ಲೇ ಆಯಿತು. ಅತ್ತೆಯವರು, ಗಿರಿಜಾ, ಸುಮಾ, ವೀರೇಶ ಎಲ್ಲರೂ ಟಿವಿಯ ಮುಂದೆ ಕೂತರು. ಪಟ್ಟಿ ಬಂತು. ನನ್ನ ಭುಜ, ಕೈ, ಬೆನ್ನು ಸಾಲಾಗಿ ನಿಂತವು. ವೀರೇಶ, ಅಣ್ಣ ಎಷ್ಟು ಚಲೋ ಮಾಡಿಸ್ಯಾನೆ ಎಂದ; ಮನಸಾರೆ ಅಂದ, ಅದನ್ನೇ ನನಗೆ ತಡೆಯಲಾಗಲಿಲ್ಲ. ಅತ್ತೆಯವರು ಒಂದೊಂದಾಗಿ ಒತ್ತಿ ನೋಡಿದರು. ಪ್ರತಿಯೊಂದೂ ಶುರುವಾಗುವಷ್ಟರಲ್ಲಿ ಮುಗಿಯುತ್ತಿತ್ತು, ನಾನು ಇದ್ದದ್ದೇ ಅಷ್ಟು. ಕೊನೆಗೆ ‘ಇತರೆ’ ಒತ್ತಿದರು. ಅಲ್ಲಿಂದ ಮದುವೆ ಪ್ರಾರಂಭವಾಯಿತು. ವೀರೇಶ ಇದ್ದ, ಸುಮಾ ಇದ್ದಳು, ಈಗಿಲ್ಲದ ಮಾವನವರು ಚಪ್ಪರದಲ್ಲಿ ಓಡಾಡಿಕೊಂಡಿದ್ದರು. ಹಿತ್ತಲ ಬಾಗಿಲಲ್ಲಿ ಅಕ್ಕತಂಗಿಯರಿಬ್ಬರೂ ಒಬ್ಬರ ಜಡೆಗೆ ಒಬ್ಬರು ಹೂವು ಮುಡಿಸುತ್ತ ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು.

“ಎಷ್ಟು ಅನುಕೂಲ ಆತು ನೋಡ್ರಿ. ಇನ್ನು ಸೀದಾ ಇದನ್ನೇ ಹಾಕ್ಕಂಡ್ರೆ ಆತು,” ಎಂದರು ಅತ್ತೆಯವರು.

ಗಿರಿಜಾ ರಿಮೋಟು ತೆಗೆದುಕೊಂಡು ಪಟ್ಟಿಗೆ ವಾಪಸು ಹೋದಳು. ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

“ರೀ, ಮಾಂಗಲ್ಯ ಧಾರಣೆ ಅಂತ ಬರ್ಸಿದೀರ. ಕಟ್ಟಿಸ್ಕಂಡೋಳು ನಾನು ಇತರೆನಾ?”

ವೀರೇಶ ಯಾವ ಯಾವ ನಿಮಿಷದಲ್ಲಿ ಎಲ್ಲಿದ್ದಾನೆಂದು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವಳು ಮದುವೆಗೆ ಉಟ್ಟಿದ್ದ ಸೀರೆಯ ಬಣ್ಣ ಮಾತ್ರ ಅವತ್ತೇ ಮೊದಲು ಗಮನಿಸಿದ್ದು. ಹಸಿರು, ಕೆಂಪು ಅಂಚು. ಚೆನ್ನಾಗಿ ಕಾಣುತ್ತಿದ್ದಳು. ಅಷ್ಟನ್ನು ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಮುಂದಿನ ವಾರ ಅನ್ವರ್ ಭಾಯಿಯ ಸ್ಟುಡಿಯೋದಲ್ಲಿ ಗಿರಿಜಾ ಕುರ್ಚಿಯ ಮೇಲೆ, ನಾನು ಸ್ಟೂಲಿನ ಮೇಲೆ. ಎಲ್ಲ ಗುರುತುಗಳನ್ನೂ ಅವಳೇ ಹೊಸದಾಗಿ ಹಾಕಿಸಿದಳು. ಅಕ್ಕತಂಗಿಯರು, ಅಪ್ಪ, ಧಾರೆ, ಎಲ್ಲಕ್ಕೂ ಅವರವರ ಮುಖ ಬಂತು. ನನ್ನನ್ನೂ ಬಿಡಲಿಲ್ಲ. ‘ಊಟ’ದ ಚಾಪ್ಟರಿಗೆ ನನ್ನ ಪೂರ್ತಿ ಮುಖವಿದೆ, ಎರಡು ಕಣ್ಣು, ಬಾಯಿ ತುಂಬ ಹೋಳಿಗೆ. ಇಡೀ ಮದುವೆಯಲ್ಲಿ ನೀವು ನೆಟ್ಟಗೆ ಕಾಣೋದು ಇದೊಂದೇ ಕಡೆ ಎಂದಳು. ಹುಡುಕಿ ತೆಗೆದಿದ್ದಾಳೆ, ನನಗೆ ಸಂತೋಷವೇ. ಆದರೆ ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಪಕ್ಕದ ವೀರೇಶನ ಎಲೆಯಲ್ಲಿ ನನಗಿಂತ ಒಂದು ಹೋಳಿಗೆ ಹೆಚ್ಚು ಬಿದ್ದಿರುವುದು ಸ್ಪಷ್ಟವಾಗಿ ಕಾಣುತ್ತದೆ.