ಚಿಕ್ಕಮ್ಮನ ಕಂಚಿನ ಕಾನೂನು

ನನ್ನ ಚಿಕ್ಕಮ್ಮ ಇರುವುದು ದುಬೈಯ ಅಲ್ ಬರ್ಷಾದಲ್ಲಿ. ನಡೆದುಕೊಳ್ಳುವುದು ಮಾತ್ರ ಎರಡು ಸಾವಿರ ವರ್ಷ ಹಳೆಯ ರೋಮನ್ ಪುರಸಭೆಯ ಕಾನೂನಿನ ಪ್ರಕಾರ! ನಗಬೇಡಿ. ನಾನಿರುವುದು ಅವರ ಮನೆಯಲ್ಲೇ, ನೀವೂ ಒಂದು ವಾರ ಇದ್ದು ನೋಡಿ.

ಉಡುಪಿ ಕಡೆಯ ಹೆಂಗಸಿಗೆ ರೋಮ್ ಹೇಗೆ ಗಂಟುಬಿತ್ತು? ಒಮ್ಮೆ ಆಫೀಸಿನವರೊಂದಿಗೆ ಸ್ಪೇನ್ ಪ್ರವಾಸಕ್ಕೆ ಹೋಗಿದ್ದರು. ಉಳಿದವರೆಲ್ಲ ಅಂಗಡಿಗಳಿಗೆ ನುಗ್ಗಿದಾಗ, ದುಬೈಯಲ್ಲಿದ್ದೂ ಬಿಸಿಲಿಗೆ ಹೆದರುವ ಚಿಕ್ಕಮ್ಮ ಒಂದು ಮ್ಯೂಸಿಯಂ ಹೊಕ್ಕರು. ಅಲ್ಲಿ ಕಂಚಿನ ಹಲಗೆಗಳ ಮೇಲೆ ರೋಮನ್ ಕಾಲದ ಪುಟ್ಟ ಊರುಗಳ ಕಾಯಿದೆ ಕೊರೆದಿತ್ತು. ಯುದ್ಧವಿಲ್ಲ, ರಾಜರ ಹೊಗಳಿಕೆಯಿಲ್ಲ. ಬರೀ ರಸ್ತೆ, ಚರಂಡಿ, ಚುನಾವಣೆ! ಅವರು ಅಲ್ಲೇ ಮನಸೋತರು. ನಮಗೆಲ್ಲ ಚಾಕಲೇಟಿನ ಬದಲು ಹಲಗೆಗಳ ಫೋಟೋ ಬಂತು. ಆಮೇಲೆ ಜುಮೇರಾ ಲೇಕ್ ಟವರ್ಸ್‌ನ ಆಫೀಸಿಗೆ ಹೋಗಿಬರುವಾಗ ಮೆಟ್ರೋದಲ್ಲೇ ಲ್ಯಾಟಿನ್ ಕಲಿತರು.

ಮೊದಲ ಬಲಿ ಚಿಕ್ಕಪ್ಪ. ಅವರು ಇಲ್ಲಿನ ನಮ್ಮೂರಿನವರ ಸಂಘದ ಅಧ್ಯಕ್ಷಗಿರಿಗೆ ನಿಂತು, ಮತದಾರರಿಗೆ ಕೋಳಿಸಾರಿನ ಕೋರಿ ರೊಟ್ಟಿ ಊಟ ಹಾಕಿಸಲು ಹೊರಟಿದ್ದರು. ಚುನಾವಣೆಗೆ ನಿಂತವನು ಔತಣ ಕೊಡುವಂತಿಲ್ಲ, ದಿನಕ್ಕೆ ಒಂಬತ್ತು ಜನರನ್ನು ಕರೆಯಬಹುದು ಅಷ್ಟೆ ಎಂದು ಹಲಗೆಯಲ್ಲಿದೆಯಂತೆ. ಒಂಬತ್ತು ಜನರಲ್ಲಿ ನಮ್ಮ ನೆಂಟರೇ ಮುಗಿಯುವುದಿಲ್ಲವಲ್ಲ ಎಂದು ಚಿಕ್ಕಪ್ಪ ಗೋಳಾಡಿದರು. ಪ್ರಯೋಜನವಾಗಲಿಲ್ಲ. ಕೋಳಿ ಉಳಿಯಿತು, ಚಿಕ್ಕಪ್ಪ ಸೋತರು.

"ಸೋತರೇನಂತೆ, ಕಾನೂನು ಪ್ರಕಾರ ಸೋತಿದ್ದೀರಿ" ಎಂದು ಚಿಕ್ಕಮ್ಮ ಸಮಾಧಾನ ಹೇಳಿದರು.

ಆದರೆ ಇದೇ ಹುಚ್ಚು ಕಳೆದ ವರ್ಷ ನಮ್ಮ ಇಡೀ ಕಟ್ಟಡದ ಮಾನ ಉಳಿಸಿತು.

ಕೆಳಗಿನ ಮನೆಯಲ್ಲಿ ಮೊಯ್ದಿನಾಕ ಇದ್ದಾರೆ. ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜ್ ನಡೆಸಿದ್ದ, ನಮ್ಮ ಕರಾವಳಿ ಕಡೆಯ ಬ್ಯಾರಿ ಹಿರಿಯರು. ಈಗ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯೇ ಗತಿ. ಕಟ್ಟಡದ ಬಾಗಿಲಲ್ಲಿರುವ ಇಳಿಜಾರಿನಲ್ಲಿ ಇಳಿದು ದಿನಾ ಸಂಜೆ ಮಸೀದಿಗೆ ಹೋಗುತ್ತಾರೆ. ಒಂದು ಬೆಳಿಗ್ಗೆ ಆ ಇಳಿಜಾರು ಒಡೆಯಲು ಕೆಲಸಗಾರರು ಬಂದರು. ಅಲ್ಲಿ ಕಾಫಿ ಅಂಗಡಿ ಬರುವುದಿತ್ತು. ಮೊಯ್ದಿನಾಕ ಬಾಗಿಲಲ್ಲೇ ಕುಳಿತುಬಿಟ್ಟರು.

ಚಿಕ್ಕಮ್ಮ ಮ್ಯಾನೇಜರನ್ನು ಕರೆಸಿದರು. ನೋಟಿಸ್ ಹಾಕಿ ವಾರಗಳಾಯಿತು, ಯಾರೂ ಆಕ್ಷೇಪಿಸಲಿಲ್ಲ ಎಂದು ಆತ ಲಿಫ್ಟಿನ ನೆತ್ತಿಯತ್ತ ಕೈ ತೋರಿಸಿದ. ನಿಜ, ಅಲ್ಲೊಂದು ಚೀಟಿ ಇತ್ತು, ಹಲ್ಲಿಗಳು ಓದಿರಬಹುದು. ಚಿಕ್ಕಮ್ಮ ಮನೆಯಿಂದ ಒಂದು ಕುರ್ಚಿ ತರಿಸಿ, ಮೊಯ್ದಿನಾಕರ ಪಕ್ಕದಲ್ಲೇ ಆತನನ್ನು ಕೂರಿಸಿದರು.

"ಈಗ ಓದಿ."

ಆತ ಕತ್ತು ಚಾಚಿದ, ಕಣ್ಣು ಕಿರಿದು ಮಾಡಿದ, ಒಂದಕ್ಷರವೂ ಕಾಣಲಿಲ್ಲ.

"ನೆಲದ ಮೇಲಿರುವವನಿಗೆ ಓದಲಿಕ್ಕೆ ಆಗುವ ಹಾಗೆ ಹಾಕಬೇಕು ಅಂತ ಕಾನೂನುಂಟು" ಎಂದರು ಚಿಕ್ಕಮ್ಮ.

ಆತ ಬೆವರಿದ. "ಮೇಡಂ, ಇದು ಮುನಿಸಿಪಾಲಿಟಿ ಕಾನೂನಾ?"

"ಮುನಿಸಿಪಾಲಿಟಿಯದ್ದೇ. ಸ್ವಲ್ಪ ಹಳೆಯದು."

ಎಷ್ಟು ಹಳೆಯದೆಂದು ಕೇಳುವ ಧೈರ್ಯ ಆತನಿಗೆ ಬರಲಿಲ್ಲ! ಸುತ್ತಿಗೆಗಳು ಕೆಳಗಿಳಿದವು. ನೋಟಿಸ್ ಮತ್ತೆ ಬಂತು, ಈ ಸಲ ದಪ್ಪ ಅಕ್ಷರಗಳಲ್ಲಿ, ಸೊಂಟದೆತ್ತರದಲ್ಲಿ. ಕಟ್ಟಡಕ್ಕೆ ಕಟ್ಟಡವೇ ಆಕ್ಷೇಪಿಸಿತು. ಇಳಿಜಾರು ಉಳಿಯಿತು, ಕಾಫಿ ಅಂಗಡಿ ಬೇರೆ ಕಡೆ ಹೋಯಿತು. ಮಕ್ಕಳು ಚಿಕ್ಕಮ್ಮನನ್ನು "ಸೀಸರ್ ಆಂಟಿ" ಎಂದು ಕೂಗುತ್ತಾ ಲಾಬಿ ತುಂಬ ಓಡಿದರು. ಚಿಕ್ಕಮ್ಮ ಗದರಲಿಲ್ಲ.

ಮರುದಿನ ಮೊಯ್ದಿನಾಕ ಖರ್ಜೂರ ಹಿಡಿದು ನಮ್ಮ ಮನೆಗೆ ಬಂದರು. ನಲವತ್ತು ವರ್ಷ ಈ ದೇಶದಲ್ಲಿ ಕಳೆದವರು. ಹಲಗೆಯ ಆ ಹಳೇ ಊರಲ್ಲಿ ನಮ್ಮ ಹಾಗೆ ಹೊರಗಿನಿಂದ ಬಂದವರಿಗೆ ಏನಾದರೂ ಹಕ್ಕು ಇತ್ತೇ ಎಂದು ಕೇಳಿದರು.

ಚಿಕ್ಕಮ್ಮ ಫೋಟೋ ಹುಡುಕಿ ತೋರಿಸಿದರು. ಬೇರೆ ಕಡೆಯಿಂದ ಬಂದು ನೆಲೆಸಿದವರಲ್ಲಿ ಕೆಲವರಿಗೂ ಅಲ್ಲಿ ಮತವಿತ್ತಂತೆ. ಅವರು ಊರಿನ ಯಾವ ಗುಂಪಿನೊಂದಿಗೆ ನಿಂತು ಮತ ಹಾಕಬೇಕೆಂದು ಚೀಟಿ ಎತ್ತುತ್ತಿದ್ದರಂತೆ.

ಮೊಯ್ದಿನಾಕ ಅರ್ಥವಾಗದ ಆ ಅಕ್ಷರಗಳ ಮೇಲೆ ಮೆಲ್ಲನೆ ಬೆರಳಾಡಿಸಿದರು.

"ಹಾಗಾದ್ರೆ ಅವರನ್ನೂ ಲೆಕ್ಕಕ್ಕೆ ಹಿಡಿದಿದ್ರು, ಅಲ್ವಾ ಅಕ್ಕ?"

ಎಲ್ಲದಕ್ಕೂ ಒಂದು ಕಲಮು ಉದುರಿಸುವ ಚಿಕ್ಕಮ್ಮ ಈ ಸಲ ಬರೀ ಹೂಂ ಎಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಅವರಿಗೆ ಚಹಾ ತರಲು ಎದ್ದರು.