ಕಚೇರಿಯಲ್ಲಿ ಅಲುಗಾಡುವವರ ಬಗ್ಗೆ

ಸಂಖ್ಯೆ: ಕಣ್ಗಾವಲು/ಯಂತ್ರ/ಫ್ಯಾನು/ಮುಂದುವರಿದಿದೆ
ದಿನಾಂಕ: ಯಂತ್ರ ತೋರಿಸುತ್ತಿರುವಂತೆ (ತಪ್ಪಾಗಿದ್ದರೂ)

ಸುತ್ತೋಲೆ

ವಿಷಯ: ಸಿಸಿಟಿವಿ ರೆಕಾರ್ಡರಿನಲ್ಲಿ ರೆಕಾರ್ಡಿಂಗ್ ಹೊಂದಿಸುವ ಕ್ರಮ ಹಾಗೂ ಕಚೇರಿಯ ಹಾಲ್‌ನಲ್ಲಿದ್ದ ಟೇಬಲ್ ಫ್ಯಾನ್ ಕಾಣೆಯಾದ ಬಗ್ಗೆ.

ಉಲ್ಲೇಖ: ಫ್ಯಾನ್ ಇದ್ದ ಮೇಜು, ಕಸ ಗುಡಿಸುವ ಅಮ್ಮನ ಬಾಯಿಮಾತಿನ ಹೇಳಿಕೆ.

ಡಿಸ್ಕಿನಲ್ಲಿ ಜಾಗ ಉಳಿಸುವ ಸಲುವಾಗಿ, ಯಾರಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗುವಂತೆ ಯಂತ್ರವನ್ನು ಹೊಂದಿಸಲಾಗಿತ್ತು. ಜಾಗ ನಿರೀಕ್ಷೆಗೂ ಮೀರಿ ಉಳಿದಿರುತ್ತದೆ. ಫ್ಯಾನ್ ಕಾಣೆಯಾದ ವಾರದ ದೃಶ್ಯಗಳನ್ನು ಪರಿಶೀಲಿಸಲಾಗಿ, ಕಸ ಗುಡಿಸುವ ಅಮ್ಮನನ್ನು ಹೊರತುಪಡಿಸಿ ಸಿಬ್ಬಂದಿಯ ಪೈಕಿ ಯಾರೊಬ್ಬರೂ ಕಂಡುಬಂದಿರುವುದಿಲ್ಲ. ಸದರಿಯವರು ಫ್ಯಾನಿನ ಧೂಳು ಒರೆಸುತ್ತಿರುವುದು ಸ್ಪಷ್ಟವಾಗಿ ಕಂಡಿದೆ. ಕಂಡವರು ಅವರೊಬ್ಬರೇ ಆದ್ದರಿಂದ ಕದ್ದವರೂ ಅವರೇ ಎಂದು ತೀರ್ಮಾನಿಸಿ ಅಮಾನತಿನಲ್ಲಿ ಇಡಲಾಗಿದೆ. ಫ್ಯಾನ್ ಸಿಗದಿದ್ದಲ್ಲಿ ಕೆಲಸದಿಂದಲೇ ತೆಗೆಯಲಾಗುವುದು. ಈ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಹಾಜರಿದ್ದುದಕ್ಕೆ ಸಾಕ್ಷಿ ಬೇಕೆನ್ನುವ ಸಿಬ್ಬಂದಿ ಸರದಿಯ ಮೇಲೆ ಒಂದು ಕೈಯನ್ನಾದರೂ ಅಲುಗಾಡಿಸತಕ್ಕದ್ದು. ಆಕಳಿಕೆಯನ್ನೂ ಚಲನೆಯೆಂದೇ ಪರಿಗಣಿಸಲಾಗುವುದು. ಬಾಯಿ ಪೂರ್ತಿ ತೆರೆದಿರತಕ್ಕದ್ದು.

೨. ಇಡೀ ದಿನ ರೆಕಾರ್ಡ್ ಆಗುವಂತೆ ಬದಲಾಯಿಸಲು ಯಂತ್ರ ಕೂರಿಸಿದ ಮೆಕ್ಯಾನಿಕ್ ಸಲಹೆ ನೀಡಿರುತ್ತಾರೆ. ಹಾಗೆ ಮಾಡಿದಲ್ಲಿ ಕಚೇರಿಯಲ್ಲಿ ನಡೆಯುವುದೆಲ್ಲ ದಾಖಲಾಗುವ ಅಪಾಯವಿರುವುದರಿಂದ ಸಲಹೆಯನ್ನು ತಿರಸ್ಕರಿಸಲಾಗಿದೆ.

೩. ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಸೌಲಭ್ಯವನ್ನು ಬಂದ್ ಮಾಡಲಾಗಿದೆ. ಹಳೆಯ ದಾಖಲೆ ಅಳಿಸಲು ಮೇಲಿನಿಂದ ಅನುಮತಿ ಬರಬೇಕು. ಒಂದು ವೇಳೆ ಡಿಸ್ಕ್ ತುಂಬಿದಲ್ಲಿ, ಅನುಮತಿ ಬರುವವರೆಗೆ ಕಚೇರಿಯಲ್ಲಿ ಹೊಸದಾಗಿ ಏನೂ ನಡೆಯತಕ್ಕದ್ದಲ್ಲ. ಸಿಬ್ಬಂದಿ ಇದನ್ನು ಈಗಿನಿಂದಲೇ ಚಾಚೂ ತಪ್ಪದೆ ಪಾಲಿಸುತ್ತಿರುವುದು ಶ್ಲಾಘನೀಯ.

೪. ಪಾಸ್‌ವರ್ಡ್ ಗುಪ್ತವಾಗಿರತಕ್ಕದ್ದು. ಮರೆತುಹೋಗದಿರಲೆಂದು ಅದನ್ನು ದಪ್ಪಕ್ಷರದಲ್ಲಿ ಬರೆದು ಯಂತ್ರದ ನೆತ್ತಿಗೆ ಅಂಟಿಸಲಾಗಿದೆ. ಸಂಬಂಧಪಡದವರು ಅದನ್ನು ಓದಿದರೂ ಅರ್ಥ ಮಾಡಿಕೊಳ್ಳತಕ್ಕದ್ದಲ್ಲ.

೫. ಅಧಿಕಾರಿಗಳ ಘನತೆಯ ದೃಷ್ಟಿಯಿಂದ ಅವರ ಕೋಣೆಯ ಬಾಗಿಲು ದೃಶ್ಯದಲ್ಲಿ ಕಾಣದಂತೆ ಕಪ್ಪು ಪಟ್ಟಿ ಹಾಕಲಾಗಿದ್ದು, ಫ್ಯಾನಿನ ಮೇಜು ಅದರ ಅಂಚಿಗೇ ಇರುತ್ತದೆ. ಒಂದು ದೃಶ್ಯದಲ್ಲಿ ಫ್ಯಾನ್ ತನ್ನಷ್ಟಕ್ಕೆ ತಾನೇ ಕಪ್ಪು ಪಟ್ಟಿಯೊಳಗೆ ಸರಿದುಹೋಗುವುದು ಕಂಡುಬಂದಿದ್ದು, ಅದನ್ನು ಯಂತ್ರದ ದೋಷವೆಂದು ಪರಿಗಣಿಸಲಾಗಿದೆ. ಪಟ್ಟಿಯನ್ನು ಇನ್ನಷ್ಟು ಅಗಲ ಮಾಡತಕ್ಕದ್ದು.

೬. ಅಮಾನತಿನ ಅವಧಿಯಲ್ಲಿ ಕಸ ಗುಡಿಸುವ ಅಮ್ಮ ಕಚೇರಿಗೆ ಬರತಕ್ಕದ್ದಲ್ಲ. ಕಸವೂ ಉಳಿಯತಕ್ಕದ್ದಲ್ಲ. ಆದ್ದರಿಂದ ಅವರು ಬಂದು, ಅಲುಗಾಡದೆ, ಗುಡಿಸಿ ಹೋಗತಕ್ಕದ್ದು. ಯಂತ್ರದಲ್ಲಿ ಕಂಡಲ್ಲಿ ಅತಿಕ್ರಮ ಪ್ರವೇಶವೆಂದೂ ಕಾಣದಿದ್ದಲ್ಲಿ ಗೈರುಹಾಜರಿಯೆಂದೂ ಪರಿಗಣಿಸಲಾಗುವುದು.

೭. ಸದರಿಯವರು ನೀಡಿದ ಹೇಳಿಕೆ ಹೀಗಿರುತ್ತದೆ: “ಅಲ್ಲ ಸ್ವಾಮಿ, ನೀವೆಲ್ಲ ಗೂಟ ಹೊಡ್ಕೊಂಡು ಕೂತಿರ್ತೀರಿ, ಸೊಂಟ ಮುರ್ಕೊಂಡು ಓಡಾಡೋಳು ನಾನೊಬ್ಳೇ. ಇನ್ಯಾರು ಕಾಣಿಸ್ತಾರೆ ಅದಕ್ಕೆ? ಕೆಲಸ ಮಾಡಿದ್ದೇ ಕಳ್ತನ ಆಯ್ತಾ? ಸಾಹೇಬ್ರ ಮನೆ ಗುಡಿಸೋಕೂ ನಾನೇ ಹೋಗೋದು. ಈ ವಾರದಿಂದ ಅಲ್ಲಿ ಗಾಳಿ ಬಲು ಚೆನ್ನಾಗಿ ಬೀಸ್ತಿದೆ.” ಹವಾಮಾನವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಕೊನೆಯ ಮಾತನ್ನು ಪರಿಗಣಿಸಿರುವುದಿಲ್ಲ.

ಮೇಲ್ಕಂಡ ಅಂಶಗಳನ್ನು ಎಲ್ಲರೂ ಕುಳಿತಲ್ಲಿಯೇ ಪಾಲಿಸತಕ್ಕದ್ದು.

ಸಹಿ/-
ಕಚೇರಿ ಅಧೀಕ್ಷಕರು
(ಅಧಿಕಾರಿಗಳ ಪರವಾಗಿ, ಅವರು ಕಪ್ಪು ಪಟ್ಟಿಯೊಳಗೆ ಇರುವುದರಿಂದ)

ಪ್ರತಿಗಳು:
ಎಲ್ಲ ಸಿಬ್ಬಂದಿಗೆ, ಎಬ್ಬಿಸದೆ ಮೇಜಿನ ಮೇಲೆ ಇಡುವುದು.
ಯಂತ್ರ ಕೂರಿಸಿದ ಮೆಕ್ಯಾನಿಕ್‌ಗೆ, ಪಟ್ಟಿ ಅಗಲ ಮಾಡುವ ಸಲುವಾಗಿ.
ಅಧಿಕಾರಿಗಳ ಮನೆ ವಿಳಾಸಕ್ಕೆ, ಕಾಣೆಯಾದ ಫ್ಯಾನಿನ ಬಳಕೆಯ ಕೈಪಿಡಿಯೊಂದಿಗೆ.
ಕಸ ಗುಡಿಸುವ ಅಮ್ಮನಿಗೆ. ಅವರು ಹೇಗೂ ಆ ಮನೆಗೆ ಹೋಗುವುದರಿಂದ, ಕೈಪಿಡಿಯನ್ನು ಅವರ ಕೈಯಲ್ಲೇ ಕಳುಹಿಸಲಾಗಿದೆ.