ನಮ್ಮ ಹಜಾರದ ಗೋಡೆಯ ಇತಿಹಾಸ

ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸ ಸುತ್ತಿ ಸುತ್ತಿ ಕೊನೆಗೆ ಬಂದು ಬೀಳುವುದು ಗಂಡನೆಂಬ ಪ್ರಾಣಿಯ ಹೆಗಲಿಗೇ. ಮಗಳನ್ನು ಮನೆಯಲ್ಲೇ ಓದಿಸುವುದೆಂದು ತೀರ್ಮಾನವಾದಾಗ ಗಣಿತ, ವಿಜ್ಞಾನ, ಭಾಷೆ ಎಲ್ಲವನ್ನೂ ನನ್ನವಳು ಬಾಚಿಕೊಂಡು, ಇತಿಹಾಸವನ್ನು ನನಗೆ ಗಂಟುಹಾಕಿದಳು. "ಕತೆ ಕಟ್ಟೋದ್ರಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ?" ಎಂಬ ಬಿರುದು ಬೇರೆ. (ನಾನು ಬಣ್ಣದ ಅಂಗಡಿಯವನು. ಕತೆ ಹೇಳದಿದ್ದರೆ ಡಬ್ಬ ಖರ್ಚಾಗುವುದಿಲ್ಲ.)

ಮಗಳಿಗೆ ಹದಿನಾಲ್ಕು, ತಲೆ ತುಂಬ ವಿಜ್ಞಾನ. ಶಾಲೆಯಲ್ಲಿ ಅವಳ ಪ್ರಶ್ನೆಗಳಿಗೆಲ್ಲ ಮಕ್ಕಳು ನಕ್ಕೂ ನಕ್ಕೂ, ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟುಬಿಟ್ಟಿದ್ದಳು. ಮನೆಯಲ್ಲಿ ಓದಲು ಶುರುಮಾಡಿದ ಮೇಲೆ ಬಾಯಿ ಮುಚ್ಚುತ್ತಲೇ ಇಲ್ಲ. ನಮಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ವರ್ಷಕ್ಕೊಮ್ಮೆ ಪರೀಕ್ಷಕಿಯೊಬ್ಬರು ಮನೆಗೆ ಬರುತ್ತಾರೆ. ಒಂದು ವಿಷಯ ಕೈಕೊಟ್ಟರೂ ಹುಡುಗಿ ವಾಪಸು ಶಾಲೆಗೆ. ಕೈಕೊಡುವ ವಿಷಯ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಿಂಬಿನಷ್ಟು ದಪ್ಪದ ಗ್ರಂಥಗಳನ್ನು ತಂದೆ. ರಾಜವಂಶಗಳ ಪಟ ತಂದು ಬಚ್ಚಲಿನ ಬಾಗಿಲಿಗೆ ಅಂಟಿಸಿದೆ.

"ಅಪ್ಪಾ, ಈ ರಾಜ ಮಹಾಶೂರ ಅಂತ ಬರೆದಿದೆ. ಅಳೆದೋರು ಯಾರು?"

"ಅಳೆಯೋದೇನು ಬಂತಮ್ಮ? ಆಸ್ಥಾನಕವಿ ಬರೆದಿದ್ದು."

"ಕವಿಗೆ ಸಂಬಳ ಕೊಡ್ತಿದ್ದೋರು?"

"ರಾಜ."

"ಸಾಕ್ಷಿ ತಿರಸ್ಕೃತ!"

ಗ್ರಂಥಗಳು ಅವಳ ಸೂಕ್ಷ್ಮದರ್ಶಕಕ್ಕೆ ಪೀಠವಾದವು. ನನಗೂ ರೇಗಿತು. "ಅಷ್ಟು ಸಾಕ್ಷಿ ಬೇಕಿದ್ರೆ ನೀನೇ ಹುಡುಕ್ಕೋ ಹೋಗು!" ಎಂದು ಕೂಗಾಡಿ, ಪರೀಕ್ಷಕಿಯ ಕಣ್ಣಿಗಾದರೂ ಮನೆ ಚೆನ್ನಾಗಿ ಕಾಣಲೆಂದು ಹಜಾರಕ್ಕೆ ಹೊಸ ಬಣ್ಣ ಬಳಿದೆ.

ಪರೀಕ್ಷೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಕಿಟಕಿಯ ಪಕ್ಕದಲ್ಲಿ ಅಂಗೈಯಗಲ ಗೋಡೆ ಕೆರೆದಿದೆ! ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಬಣ್ಣಗಳೆಲ್ಲ ಹಲ್ಲು ಕಿರಿಯುತ್ತಿವೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಪರೀಕ್ಷಕಿ ಒಳಗೆ ಬಂದವರು ನೇರವಾಗಿ ನೋಡಿದ್ದು ಅಲ್ಲಿಗೇ.

"ಏನಮ್ಮಾ ಇದು?"

"ಇತಿಹಾಸ, ಮೇಡಂ. ಕೆಳಗಿನ ಪದರ ಹಳೇದು, ಮೇಲಿಂದು ಹೊಸದು. ಹಳೇ ಫೋಟೋಗಳ ಜೊತೆ ಹೋಲಿಸಿದೆ. ಅಜ್ಜಿನ ಬೇರೆ, ಅಮ್ಮನ್ನ ಬೇರೆ ಕೂರಿಸಿ ಕೇಳಿದೆ. ಅಪ್ಪ ಹೇಳಿದ್ದನ್ನ ಮಾತ್ರ ಹಾಗೇ ನಂಬಲಿಲ್ಲ. ಅಂಗಡಿ ಹಿಂದಿನ ಕೋಣೆಗೆ ಹೋಗಿ ನೋಡಿದೆ. ಇದೇ ಬಣ್ಣಗಳ ಡಬ್ಬಗಳೆಲ್ಲ ಅಲ್ಲಿ ಧೂಳು ಹಿಡಿದು ಕೂತಿವೆ."

"ಅಂದ್ರೆ?"

"ಅಂಗಡೀಲಿ ಯಾವ ಬಣ್ಣ ಖರ್ಚಾಗಲಿಲ್ವೋ ಅದು ನಮ್ಮ ಗೋಡೆಗೆ ಬಂದಿದೆ."

ಭೂಮಿ ಬಾಯಿ ಬಿಟ್ಟಿದ್ದರೆ ಡಬ್ಬದ ಸಮೇತ ಇಳಿದುಬಿಡುತ್ತಿದ್ದೆ. ಪರೀಕ್ಷಕಿ ಮಾತ್ರ ಕನ್ನಡಕ ತೆಗೆದು ನಕ್ಕರು. "ಸಾಕ್ಷಿ ಹುಡುಕಿದಾಳೆ, ತಾಳೆ ನೋಡಿದಾಳೆ, ಹೇಳಿದೋರ ಮೇಲೂ ಅನುಮಾನ ಪಟ್ಟಿದಾಳೆ. ಇನ್ನೇನು ಬೇಕು? ಇವಳು ಮನೇಲೇ ಓದ್ಲಿ."

ಹೋದ ಜೀವ ಬಂದಂತಾಯಿತು. ನನ್ನವಳು ಮಗಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಪರೀಕ್ಷಕಿಯನ್ನು ಬಾಗಿಲವರೆಗೆ ಬಿಟ್ಟು ಬಂದು, ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಮ್ಮ ಮದುವೆಯಾದ ವರ್ಷ ಬಳಿದಿರಲ್ಲ, ಆ ಬದನೆಕಾಯಿ ಬಣ್ಣ? 'ನಿನಗೋಸ್ಕರ ತರಿಸಿದೆ, ಇಡೀ ಊರಲ್ಲಿ ಇನ್ಯಾರ ಮನೇಲೂ ಇಲ್ಲ' ಅಂದಿದ್ರಿ?"

"ಅದು ಮಾತ್ರ ನಿಜ ಅಮ್ಮ" ಎಂದಳು ಮಗಳು. "ಇನ್ಯಾರೂ ಕೊಂಡ್ಕೊಂಡೇ ಇಲ್ಲ."

ಭಾನುವಾರ ನಾನು ಏಣಿ ಹತ್ತಿದ್ದೆ. ಕೆನೆಬಣ್ಣ, ನನ್ನವಳ ಆಯ್ಕೆ. ಡಬ್ಬ ನನ್ನ ಎದುರಿನ ಬಣ್ಣದಂಗಡಿಯದು, ಅವಳೇ ಹೋಗಿ ತಂದದ್ದು. ಡಬ್ಬದ ಜೊತೆಗೆ ಆ ಪುಣ್ಯಾತ್ಮ ತನ್ನ ಅಂಗಡಿಯ ಹೆಸರಿದ್ದ ಟೋಪಿಯೊಂದನ್ನು ಉಚಿತವಾಗಿ ಕೊಟ್ಟಿದ್ದ. ತಲೆಗೆ ಬಣ್ಣ ಬೀಳಬಾರದಲ್ಲ, ಹಾಕಿಕೊಂಡಿದ್ದೆ. ಕೆಳಗೆ ಮಗಳು ಬಾಯಿ ತುಂಬ ಮಾತಾಡುತ್ತಿದ್ದಳು, ಕೇಳುತ್ತಾ ಹಾಯಾಗಿ ಬಳಿಯುತ್ತಿದ್ದೆ. ಇದ್ದಕ್ಕಿದ್ದಂತೆ ಕ್ಯಾಮೆರಾ ಎತ್ತಿ ಹಿಡಿದು ಅಂದಳು:

"ಸ್ವಲ್ಪ ಈ ಕಡೆ ತಿರುಗಪ್ಪಾ, ಟೋಪಿ ಮೇಲಿನ ಹೆಸರು ಕಾಣ್ಲಿ. ಮುಂದಿನ ಪೀಳಿಗೆಗೆ ಸಾಕ್ಷಿ ಬೇಕು."